ಚೆಂದದ ಹೊದಿಕೆಯೊಳಗೆ ಅರ್ಧ ಕವಿ: ವೆಸ್ನಾ ಪರುನ್ ಪ್ರೇಮಕವಿತೆಗಳ ಒಂದು ಉಡುಗೊರೆ ಆವೃತ್ತಿ

ಕ್ರೊಯೇಷಿಯಾದ ಕರಾವಳಿ ನಗರಗಳ ಪುಸ್ತಕದಂಗಡಿಗಳಲ್ಲಿ ಪ್ರವಾಸಿಗರಿಗೆಂದೇ ಜೋಡಿಸಿಟ್ಟ ಮೇಜೊಂದು ಕಾಣಸಿಗುತ್ತದೆ. ನಕ್ಷೆಗಳು, ಅಡುಗೆ ಪುಸ್ತಕಗಳು, ದ್ವೀಪಗಳ ಛಾಯಾಚಿತ್ರ ಸಂಪುಟಗಳ ನಡುವೆ ಆ ನಾಡಿನ ಕವಿಗಳ ಪುಟ್ಟ ಪುಸ್ತಕಗಳಿಗೂ ಅಲ್ಲಿ ಜಾಗವಿರುತ್ತದೆ. ವೆಸ್ನಾ ಪರುನ್ ಅವರ ಪ್ರೇಮಕವಿತೆಗಳ ದ್ವಿಭಾಷಾ ಆವೃತ್ತಿಯೊಂದನ್ನು ನಾನು ಸ್ಪ್ಲಿಟ್ ನಗರದಲ್ಲಿ ಅಂಥದೊಂದು ಮೇಜಿನಿಂದಲೇ ಕೊಂಡೆ. ಎಡಪುಟದಲ್ಲಿ ಕ್ರೊಯೇಷಿಯನ್ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಅನುವಾದ. ಪ್ರಕಾಶಕರ ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಉಡುಗೊರೆಯ ಅಳತೆಗೆ ತಕ್ಕಂತೆ ಕವಿಯೊಬ್ಬರನ್ನು ಕತ್ತರಿಸಿ ಮಾರುವ ರೂಢಿ ಯಾವುದೋ ಒಂದು ಪ್ರಕಾಶನಕ್ಕೆ ಸೀಮಿತವಾದದ್ದಲ್ಲ. ನನ್ನ ತಕರಾರು ಆ ರೂಢಿಯ ಮೇಲೆ.

ಮೊದಲು ಪುಸ್ತಕಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಗಟ್ಟಿ ರಟ್ಟು, ಹೊಲಿದ ಬೆನ್ನು, ಕಣ್ಣಿಗೆ ಹಿತವಾದ ಕೆನೆಬಣ್ಣದ ಕಾಗದ, ಸಾಲುಗಳ ನಡುವೆ ಧಾರಾಳವಾದ ಜಾಗ. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದರೂ ಅಕ್ಷರಗಳು ಚಿಕ್ಕವಲ್ಲ. ಇಂಗ್ಲಿಷ್ ಅನುವಾದ ಆಡಂಬರವಿಲ್ಲದೆ ಸರಳವಾಗಿದ್ದು, ಮೂಲವನ್ನು ನಿಘಂಟಿನ ಸಹಾಯದಿಂದ ತಡವರಿಸುತ್ತ ಓದುವ ನನ್ನಂಥವರಿಗೆ ಒಳ್ಳೆಯ ಆಸರೆಯಾಗುತ್ತದೆ. ಕವಿತೆಗಳ ನಡುನಡುವೆ ಸಮುದ್ರದ ಅಲೆ, ಬಂಡೆ, ಆಲಿವ್ ಕೊಂಬೆಗಳ ರೇಖಾಚಿತ್ರಗಳಿವೆ. ಅವು ಚೆನ್ನಾಗಿವೆ, ಆದರೆ ಸ್ವತಃ ಚಿತ್ರ ಬರೆಯುತ್ತಿದ್ದ ಕವಿಯ ಪುಸ್ತಕಕ್ಕೆ ಬೇರೊಬ್ಬರ ಅಲಂಕಾರ ಯಾಕೆ ಬೇಕಾಯಿತೋ ತಿಳಿಯದು. ವಸ್ತುವಾಗಿ ನೋಡಿದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ.

ತೊಂದರೆ ಇರುವುದು ಆಯ್ಕೆಯಲ್ಲಿ ಮತ್ತು ಆ ಆಯ್ಕೆಯನ್ನು ಸಮರ್ಥಿಸುವ ಮುನ್ನುಡಿಯಲ್ಲಿ. ಮುನ್ನುಡಿಯ ಪ್ರಕಾರ ಪರುನ್ ಎಂದರೆ ಸೋತ ಪ್ರೇಮದ ಕವಿ: ಪ್ರೀತಿಸಿದವನನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟು, ದೂರದಲ್ಲಿ ನಿಂತು ಕಣ್ಣೀರಿನಲ್ಲೇ ಹರಸಿದವರು. ಅವರ ಬದುಕೂ ಕವಿತೆಯೂ ಈ ಒಂದು ಚಿತ್ರದೊಳಗೆ ಅಡಗಿಬಿಡುತ್ತವೆ ಎಂಬಂತೆ ಪುಸ್ತಕವನ್ನು ಜೋಡಿಸಲಾಗಿದೆ. ಯಾವ ಕವಿತೆಯ ಕೆಳಗೂ ಇಸವಿ ಇಲ್ಲ, ಅದು ಯಾವ ಸಂಕಲನದ್ದೆಂಬ ಸೂಚನೆಯೂ ಇಲ್ಲ. ಎಲ್ಲ ಕವಿತೆಗಳೂ ಒಂದೇ ಸಂಜೆ ಒಂದೇ ಕಡಲತಡಿಯಲ್ಲಿ ಕೂತು ಬರೆದವು ಎಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಈ ಭಾವನೆ ತಪ್ಪು. ಅಷ್ಟೇ ಅಲ್ಲ, ಅದು ಕವಿತೆಗಳನ್ನೇ ತೆಳುವಾಗಿಸುತ್ತದೆ. ಅದು ಹೇಗೆ ಎಂಬುದು ಸ್ಪಷ್ಟವಾಗಬೇಕಾದರೆ ಈ ಪುಸ್ತಕ ಒಂದೂವರೆ ಪುಟದಲ್ಲಿ ಮುಗಿಸುವ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ವೆಸ್ನಾ ಪರುನ್ ಹುಟ್ಟಿದ್ದು 1922ರ ಏಪ್ರಿಲ್ 10ರಂದು, ಶಿಬೆನಿಕ್ ನಗರದ ಎದುರಿಗಿರುವ ಜ್ಲಾರಿನ್ ಎಂಬ ಪುಟ್ಟ ದ್ವೀಪದಲ್ಲಿ. ಇಂದಿಗೂ ಕಾರುಗಳಿಲ್ಲದ ಆ ದ್ವೀಪ ಶತಮಾನಗಳಿಂದ ಹವಳ ತೆಗೆಯುವವರ ಊರು. ಕೆಂಪು ಹವಳಕ್ಕಾಗಿ ಅಲ್ಲಿನ ಗಂಡಸರು ಏಡ್ರಿಯಾಟಿಕ್ ಸಮುದ್ರವನ್ನು ದೋಣಿಗಳಲ್ಲಿ ಜಾಲಾಡುತ್ತಿದ್ದರು. ತಂದೆ ಸ್ಥಳೀಯ ಆಡಳಿತದಲ್ಲಿ ಗುಮಾಸ್ತರು, ಆಗಾಗ ವರ್ಗ, ಆಗಾಗ ನಿರುದ್ಯೋಗ. ಮಕ್ಕಳು ಬಹಳ, ಹಣ ಕಡಿಮೆ. ಹಾಗಾಗಿ ಬಾಲ್ಯದ ಒಂದು ಭಾಗವನ್ನು ವೆಸ್ನಾ ಬಂಧುಗಳ ಮನೆಯಲ್ಲೇ ಕಳೆದರು. ಜ್ಲಾರಿನ್, ಬಿಯೋಗ್ರಾದ್, ಶಿಬೆನಿಕ್, ಸ್ಪ್ಲಿಟ್ ಎಂದು ಶಾಲೆಗಳು ಬದಲಾದವು. ಮೊದಲ ಕವಿತೆ ಮಕ್ಕಳ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಅವರಿಗೆ ಹತ್ತು ವರ್ಷ; ಹದಿನಾಲ್ಕರ ಹೊತ್ತಿಗೆ ಬೇರೆ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಿದ್ದರು. ದುಡಿದು ತಿನ್ನುವುದನ್ನು ಅಷ್ಟು ಬೇಗ ಕಲಿತವರನ್ನು ಕೈಗೂಡದ ಪ್ರೀತಿಗಾಗಿ ಬಾಡಿಹೋದ ಹೂವಿನಂತೆ ಚಿತ್ರಿಸುವುದು ವಿಚಿತ್ರ.

1940ರಲ್ಲಿ ಅವರು ಜಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ರೊಮಾನ್ಸ್ ಭಾಷೆಗಳನ್ನು, ಅಂದರೆ ಫ್ರೆಂಚ್, ಇಟಾಲಿಯನ್‌ಗಳಂಥ ಲ್ಯಾಟಿನ್ ಮೂಲದ ಭಾಷೆಗಳನ್ನು, ಓದಲು ಸೇರಿದರು. ಮರುವರ್ಷದ ಏಪ್ರಿಲ್‌ನಲ್ಲಿ, ಕ್ರೊಯೇಷಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದ ಮೇಲೆ ನಾಜಿ ಜರ್ಮನಿ ಮತ್ತು ಅದರ ಮಿತ್ರರ ದಾಳಿಯಾಗಿ ಓದು ನಿಂತಿತು. ಸಹೋದರನೊಬ್ಬ ಆಕ್ರಮಣಕಾರರ ವಿರುದ್ಧ ಹೋರಾಡುತ್ತಿದ್ದ ಪಾರ್ಟಿಸಾನ್ ಗೆರಿಲ್ಲಾ ಪಡೆ ಸೇರಿ ಯುದ್ಧದಲ್ಲಿ ಮಡಿದ. ಯುದ್ಧ ಮುಗಿದ ಮೇಲೆ ತತ್ವಶಾಸ್ತ್ರ ಓದಲು ಮರಳಿದವರು, 1947ರಲ್ಲಿ ಬೋಸ್ನಿಯಾದ ಶಾಮಾತ್ಸ್ ಊರಿನಿಂದ ಸರಾಯೆವೊವರೆಗೆ ಸುಮಾರು 240 ಕಿಲೋಮೀಟರ್ ಉದ್ದಕ್ಕೆ ಯುವಜನರ ಶ್ರಮದಾನದಿಂದ ಹಾಕುತ್ತಿದ್ದ ರೈಲುಮಾರ್ಗದ ಕೆಲಸಕ್ಕೆ ಹೋದರು. ಅಲ್ಲಿ ವಿಷಮಜ್ವರ ತಗುಲಿ, ಓದು ಎರಡನೆಯ ಸಲ ನಿಂತಿತು. ಪದವಿ ಕೊನೆಗೂ ಮುಗಿಯಲಿಲ್ಲ. ಆ ವರ್ಷವೇ ಅವರ ಮೊದಲ ಸಂಕಲನ ಹೊರಬಂತು: ‘ಜೋರೆ ಇ ವಿಹೋರಿ’, ಅಂದರೆ ‘ಉಷಸ್ಸುಗಳು ಮತ್ತು ಸುಂಟರಗಾಳಿಗಳು’.

ಇಂದು ಕ್ರೊಯೇಷಿಯನ್ ಕಾವ್ಯಚರಿತ್ರೆಯಲ್ಲಿ ಆ ಪುಸ್ತಕವನ್ನು ಯುದ್ಧಾನಂತರದ ಹೊಸ ಹಾದಿಯ ಆರಂಭವೆಂದು ಗುರುತಿಸುತ್ತಾರೆ. ಅಂದಿನ ವಿಮರ್ಶೆ ಹಾಗೆ ಗುರುತಿಸಲಿಲ್ಲ. ಸಮಾಜವಾದಿ ವಾಸ್ತವವಾದವೇ ಸಾಹಿತ್ಯದ ದಾರಿ ಎಂದು ನಿಗದಿಯಾಗಿದ್ದ ಕಾಲ ಅದು. ಕಟ್ಟಡ, ಕಾರ್ಖಾನೆ, ವಿಜಯ, ಭವಿಷ್ಯಗಳನ್ನು ಕುರಿತು ಬರೆಯಬೇಕಾದ ಇಪ್ಪತ್ತೈದರ ಯುವತಿ ದೇಹ, ಕಡಲು, ಸಾವು, ಹಂಬಲಗಳನ್ನು ಕುರಿತು ಬರೆದದ್ದು ಅವನತಿಯ ಲಕ್ಷಣವೆಂದು ಖಂಡನೆಗೆ ಒಳಗಾಯಿತು. ರೈಲುಮಾರ್ಗಕ್ಕೆ ಹೋಗಿ ಜ್ವರ ಹಿಡಿಸಿಕೊಂಡು ಬಂದವರಿಗೇ ದೇಶ ಕಟ್ಟುವ ಹುಮ್ಮಸ್ಸು ಸಾಲದೆಂದು ಪಾಠ ಹೇಳಲಾಯಿತು ಎಂಬುದನ್ನು ಗಮನಿಸಬೇಕು. 1952ರಲ್ಲಿ ಸ್ಲೊವೇನಿಯಾದ ಲುಬ್ಲ್ಯಾನಾ ನಗರದ ಲೇಖಕರ ಸಮ್ಮೇಳನದಲ್ಲಿ ಹಿರಿಯ ಕ್ರೊಯೇಷಿಯನ್ ಲೇಖಕ ಮಿರೊಸ್ಲಾವ್ ಕ್ರ್ಲೆಜಾ ಮಾಡಿದ ಭಾಷಣದ ನಂತರ ಸಾಹಿತ್ಯದ ಮೇಲಿನ ಈ ಬಿಗಿ ಸಡಿಲವಾಯಿತು. ಮೂರು ವರ್ಷಗಳ ಬಳಿಕ, 1955ರಲ್ಲಿ, ಪರುನ್ ಅವರ ‘ತ್ಸ್‌ರ್ನಾ ಮಾಸ್ಲಿನಾ’ ಬಂತು. ‘ಕಪ್ಪು ಆಲಿವ್’ ಎಂಬ ಅರ್ಥದ ಈ ಸಂಕಲನವೇ ಅವರನ್ನು ಪ್ರೇಮಕವಿಯಾಗಿ ನೆಲೆಗೊಳಿಸಿದ್ದು. ಎಂಟು ವರ್ಷಗಳ ಹಿಂದೆ ಅಪರಾಧವಾಗಿದ್ದ ವಿಷಯಗಳಿಗೆ ಮರಳಿ, ಹಿಂಜರಿಕೆಯಿಲ್ಲದೆ ಬರೆದ ಕವಿತೆಗಳು ಇವು. ಇಸವಿಗಳನ್ನು ಅಳಿಸಿಬಿಟ್ಟರೆ ಈ ಧೈರ್ಯವೂ ಅಳಿಸಿಹೋಗುತ್ತದೆ. ಆಗ ಉಳಿಯುವುದು ಆಲಿವ್ ಮರಗಳ ಚೆಲುವು ಮಾತ್ರ, ಅದು ರೇಖಾಚಿತ್ರಗಳಲ್ಲೂ ಸಿಗುತ್ತದೆ.

ಆ ಸಂಕಲನದ ಅತಿ ಪ್ರಸಿದ್ಧ ಕವಿತೆ ಈ ಉಡುಗೊರೆ ಪುಸ್ತಕದ ಮೊದಲ ಕವಿತೆಯೂ ಹೌದು. ಕ್ರೊಯೇಷಿಯಾದಲ್ಲಿ ಓದುವ ಹವ್ಯಾಸವಿಲ್ಲದವರಿಗೂ ಅದರ ಮೊದಲ ಸಾಲು ಗೊತ್ತಿರುತ್ತದೆ ಎನ್ನುವಷ್ಟು ಅದು ಜನಪ್ರಿಯ. ತನಗಿಂತ ಮುಗ್ಧವಾದ ಕೈಗಳುಳ್ಳ ಇನ್ನೊಬ್ಬ ಹೆಣ್ಣನ್ನು ಉದ್ದೇಶಿಸಿ ಒಬ್ಬ ಹೆಣ್ಣು ಮಾತನಾಡುತ್ತಾಳೆ. ಇಬ್ಬರ ನಡುವೆ ಒಬ್ಬ ಗಂಡಸಿದ್ದಾನೆ; ಅವನು ಇಡೀ ಕವಿತೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ, ಅವನ ಹೆಸರೂ ಬರುವುದಿಲ್ಲ, ಬಹುಪಾಲು ಅವನು ನಿದ್ರಿಸುತ್ತಲೇ ಇರುತ್ತಾನೆ. ಅವನ ನಿದ್ರೆಯನ್ನು ಮೃದುವಾಗಿ ಕಾಯಬೇಕೆಂದು ಹೊಸಬಳಿಗೆ ಹಳಬಳ ವಿನಂತಿ. ಮುನ್ನುಡಿಕಾರರಿಗೆ ಇಷ್ಟೇ ಸಾಕಾಯಿತು. ತ್ಯಾಗ, ಕ್ಷಮೆ, ಹೆಣ್ತನದ ಔದಾರ್ಯ ಎಂಬ ಮೂರು ಮಾತುಗಳಲ್ಲಿ ಅವರು ಈ ಕವಿತೆಯನ್ನು ಮುಗಿಸಿದ್ದಾರೆ.

ಕವಿತೆಯ ಕಟ್ಟಡವನ್ನು ನೋಡಿದರೆ ಸಂಗತಿ ಬೇರೆಯೇ ಇದೆ. ಅವಳು ಹೊಸಬಳಿಗೆ ಅನುಮತಿ ಕೊಡುವುದು ಷರತ್ತಿನ ಮೇಲೆ. ನಿನ್ನ ಅಪ್ಪುಗೆ ಅವನ ಎದೆಗೆ ಧೈರ್ಯ ತುಂಬುವುದಾದರೆ, ನಿನ್ನ ದೇಹ ಅವನ ನೋವನ್ನು ತಡೆದು ನಿಲ್ಲಿಸುವುದಾದರೆ, ನಿನ್ನ ಹೆಸರು ಅವನ ಯೋಚನೆಗಳಿಗೆ ತಂಗುದಾಣವಾಗುವುದಾದರೆ, ನಿನ್ನ ದನಿಯೊಳಗಿನ ಇರುಳು ಬಿರುಗಾಳಿಗೆ ಇನ್ನೂ ಸಿಗದ ಹಣ್ಣಿನ ತೋಟವಾಗಿರುವುದಾದರೆ, ಹಾಗಿದ್ದರೆ ಅವನ ಬಳಿ ಉಳಿ. ಇದು ಪರೀಕ್ಷೆಯ ಮಾತು. ನಿನಗಿಂತ ಮೊದಲು ಅವನನ್ನು ಪ್ರೀತಿಸಿದ ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದಿರು ಎಂದು ಮುಂದುವರಿಯುವಾಗ, ಅಳತೆಗೋಲನ್ನು ಕೈಯಲ್ಲಿ ಹಿಡಿದವಳು ಯಾರು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಸೋತವಳು ಇಷ್ಟು ನಿಖರವಾಗಿ ನಿಬಂಧನೆಗಳನ್ನು ಹಾಕಲಾರಳು.

ಆಮೇಲೆ ಬರುವ ಭಾಗ ಇನ್ನೂ ಸ್ವಾರಸ್ಯಕರವಾದದ್ದು. ಅವನ ಕಡಲತಡಿಯಲ್ಲಿ ನಡೆ, ಶೋಕದಲ್ಲಿರುವ ಡಾಲ್ಫಿನ್‌ಗಳು ನಿನ್ನನ್ನು ಎದುರುಗೊಳ್ಳಲಿ. ಅವನ ಕಾಡಿನಲ್ಲಿ ಅಲೆದಾಡು, ಹಲ್ಲಿಗಳು ನಿನಗೆ ಕೇಡು ಮಾಡವು. ನಾನು ಪಳಗಿಸಿದ ಬಾಯಾರಿದ ಹಾವುಗಳು ನಿನ್ನ ಮುಂದೆ ತಲೆಬಾಗುತ್ತವೆ. ಕಡುಚಳಿಯ ರಾತ್ರಿಗಳಲ್ಲಿ ನಾನು ಬೆಚ್ಚಗಿರಿಸಿದ ಹಕ್ಕಿಗಳು ನಿನಗಾಗಿ ಹಾಡಲಿ. ಹಾರೈಕೆಯ ರೂಪದಲ್ಲಿರುವ ಈ ಸಾಲುಗಳು ಒಂದು ಆಸ್ತಿಪತ್ರವೂ ಹೌದು. ಹೊಸಬಳು ಕಾಲಿಡುತ್ತಿರುವ ನೆಲವನ್ನು ಹಸನು ಮಾಡಿದವಳು, ಪಳಗಿಸಿದವಳು, ನೀರೆರೆದವಳು ಹಳಬಳು. ಅವನ ಒಳಗಿನ ಹುಡುಗನನ್ನು ಬೇಹುಗಾರರಿಂದ ನಿರ್ಜನ ದಾರಿಯಲ್ಲಿ ಕಾಪಾಡಿದವಳೂ ಅವಳೇ. ಬೇಹುಗಾರರು ಎಂಬ ಆ ಒಂದು ಮಾತಿನಲ್ಲಿ ಯುದ್ಧ ತಟ್ಟನೆ ಪ್ರೇಮದೊಳಕ್ಕೆ ನುಗ್ಗುತ್ತದೆ. ಮುಂದಿನ ಸಾಲುಗಳಲ್ಲಿ ಅವಳು ತನ್ನ ಎದೆಯನ್ನು ಸಂತೆಗಳಲ್ಲಿ ದನ ಅಟ್ಟುವವರ ಮತ್ತು ದುರಾಸೆಯ ದರೋಡೆಕೋರರ ನೋಟಗಳು ಹಾಳುಗೆಡವಿದವು ಎನ್ನುತ್ತಾಳೆ. ಕೈಗಳ ಮುಗ್ಧತೆ ಯಾಕೆ ಹೋಯಿತು ಎಂಬ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಅವಳ ತಪ್ಪಿನಿಂದ ಹೋದದ್ದಲ್ಲ; ಕಾಲ ಅವಳ ಮೇಲೆ ಮಾಡಿದ್ದು.

ಅವನ ಮಕ್ಕಳ ಕೈಹಿಡಿದು ತಾನೆಂದೂ ನಡೆಸಲಾರೆ, ಅವರಿಗಾಗಿ ಬಹಳ ಹಿಂದೆಯೇ ಸಿದ್ಧ ಮಾಡಿಟ್ಟ ಕತೆಗಳನ್ನು ಕಪ್ಪು ಕಾಡಿನಲ್ಲಿ ಯಾರೋ ಬಿಟ್ಟುಹೋದ ಬಡಪಾಯಿ ಕರಡಿಮರಿಗಳಿಗೆ ಅಳುತ್ತ ಹೇಳುವೆನೇನೋ ಎಂಬಲ್ಲಿ ಮಾತ್ರ ದುಃಖ ಯಾವ ಕವಚವೂ ಇಲ್ಲದೆ ಹೊರಬರುತ್ತದೆ. ಅದು ಬಂದ ಕೂಡಲೇ ಮತ್ತೆ ಬೇಡಿಕೆ: ಗೊತ್ತಿಲ್ಲದ ವರ್ಷಗಳು ಅವನ ಮುಖದ ಮೇಲೆ ಇಳಿಯುವಾಗ ಅದು ಹೇಗೆ ಕಾಣುತ್ತದೆ ಎಂದು ನನಗೆ ತಿಳಿಸು, ಆಗಾಗ ಅವನ ಸುದ್ದಿ ಹೇಳುತ್ತಿರು, ನನ್ನನ್ನು ಕಂಡು ಅಚ್ಚರಿಪಡುವ ಅಪರಿಚಿತರನ್ನೂ, ನನ್ನ ತಾಳ್ಮೆಗೆ ಮರುಗುವ ನೆರೆಹೊರೆಯವರನ್ನೂ ಕೇಳುವಂತೆ ಮಾಡಬೇಡ. ನೆರೆಹೊರೆಯವರ ಕನಿಕರವನ್ನು ಇಷ್ಟು ಚುಟುಕಾಗಿ, ಇಷ್ಟು ಗರ್ವದಿಂದ ತಿರಸ್ಕರಿಸಿದ ಪ್ರೇಮಕವಿತೆ ನನಗೆ ಬೇರೆ ನೆನಪಾಗುತ್ತಿಲ್ಲ. ವಿಪರ್ಯಾಸವೆಂದರೆ, ಉಡುಗೊರೆ ಪುಸ್ತಕದ ಮುನ್ನುಡಿ ಕವಿಯ ಬಗ್ಗೆ ತಾಳುವ ಧೋರಣೆ ಆ ನೆರೆಹೊರೆಯವರದೇ.

ಕರಡಿಮರಿಗಳ ಸಾಲಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ‘ಕಪ್ಪು ಆಲಿವ್’ ಬಂದು ಮೂರು ವರ್ಷಗಳಲ್ಲೇ, 1958ರಿಂದ, ಪರುನ್ ಮಕ್ಕಳಿಗಾಗಿ ಪುಸ್ತಕಗಳನ್ನು ಬರೆಯಲು ತೊಡಗಿದರು: ಆಮೆಯ ಕತೆ, ಜಾಣ ಮೊಲದ ಕತೆ, ಹೀಗೆ. 1968ರಲ್ಲಿ ಬಂದ, ಚಂಗೀಸ್ ಖಾನ್ ಎಂಬ ಹೆಸರಿನ ಗಂಡು ಬೆಕ್ಕಿನ ಪದ್ಯಕಥೆಯಂತೂ ಆ ನಾಡಿನ ಮಕ್ಕಳ ಸಾಹಿತ್ಯದಲ್ಲಿ ಅಚ್ಚುಮೆಚ್ಚಿನದಾಗಿ ಉಳಿದಿದೆ. ಪ್ರೇಮಕವಿತೆಯಲ್ಲಿ ಕೇಳುವವರಿಲ್ಲದೆ ಉಳಿದಿದ್ದ ಕತೆಗಳಿಗೆ ನಿಜಜೀವನದಲ್ಲಿ ಕೇಳುವವರು ಹೀಗೆ ಸಾವಿರಗಟ್ಟಲೆ ಸಿಕ್ಕರು. ಒಂದೇ ಒಂದು ಟಿಪ್ಪಣಿ ಹಾಕಿದ್ದರೆ ಪುಸ್ತಕದ ಓದುಗರಿಗೆ ಈ ಸಂಬಂಧ ಹೊಳೆಯುತ್ತಿತ್ತು. ಆ ಟಿಪ್ಪಣಿ ಇಲ್ಲ.

ಆಯ್ಕೆಯಲ್ಲಿರುವ ಇತರ ಕವಿತೆಗಳ ಪೈಕಿ ನನಗೆ ಅತ್ಯಂತ ಹಿಡಿಸಿದ್ದು ‘ದೊಮ್ ನಾ ತ್ಸೆಸ್ತಿ’, ‘ದಾರಿಯ ಮೇಲಿನ ಮನೆ’. ಕೆಲವೇ ಪುಟ್ಟ ಸಾಲುಗಳು. ದಾರಿಬದಿಯ ಧೂಳಿನಲ್ಲಿ ಒಬ್ಬಳು ಬಿದ್ದಿದ್ದಾಳೆ. ಅವಳು ಅವನ ಮುಖ ನೋಡಿಲ್ಲ, ಅವನು ಅವಳ ಮುಖ ನೋಡಿಲ್ಲ. ನಕ್ಷತ್ರಗಳು ಇಳಿದಿವೆ, ಗಾಳಿ ನೀಲಿಯಾಗಿದೆ. ಕೈಗಳೂ ಪರಸ್ಪರ ಕಂಡಿಲ್ಲ. ಮೂಡಣ ನಿಂಬೆಯ ಹಸಿರಿಗೆ ತಿರುಗಿದಾಗ ಒಂದು ಹಕ್ಕಿಯ ದೆಸೆಯಿಂದ ಅವಳ ಕಣ್ಣು ತೆರೆಯುತ್ತದೆ. ಜೀವಮಾನವಿಡೀ ಪ್ರೀತಿಸಿದ್ದು ಯಾರನ್ನೆಂದು ಅವಳಿಗೆ, ಯಾರ ಬಡ ಕೈಗಳನ್ನು ಅಪ್ಪಿದ್ದೆಂದು ಅವನಿಗೆ ಆಗಲೇ ತಿಳಿಯುತ್ತದೆ. ಅವನು ಗಂಟುಮೂಟೆ ಎತ್ತಿಕೊಂಡು ಅಳುತ್ತ ತನ್ನ ಮನೆಗೆ ಹೊರಡುತ್ತಾನೆ, ಮತ್ತು ಅವನ ಮನೆ, ಅವಳದರಂತೆಯೇ, ದಾರಿಯ ಧೂಳು. ಒಂದು ಅಲಂಕಾರವಿಲ್ಲ, ಒಂದು ವಿವರಣೆಯಿಲ್ಲ. ಬಡತನ ಇಲ್ಲಿ ಹಿನ್ನೆಲೆಯ ಬಣ್ಣವಾಗಿ ಬಂದದ್ದಲ್ಲ, ಇಬ್ಬರಿಗೂ ಸಮನಾಗಿ ದಕ್ಕಿದ ಏಕೈಕ ವಸ್ತುವಾಗಿ ಬಂದಿದೆ. ಈ ಕವಿತೆಯ ಎದುರಿಗೆ ಅಲಂಕಾರಪಟ್ಟಿಯಂತೆ ಸಾಗುವ ಅಲೆಯೊಂದನ್ನು ಮುದ್ರಿಸಿರುವುದು ಅಭಿರುಚಿಯ ಕೊರತೆ. ಕವಿತೆಯಲ್ಲಿ ಸಮುದ್ರವೇ ಇಲ್ಲ.

ಬಿಟ್ಟುಹೋದ ಕವಿತೆಗಳ ವಿಚಾರಕ್ಕೆ ಬಂದರೆ, ‘ಮಾತಿ ಚೊವ್ಯೆಕೊವಾ’ ಇಲ್ಲದಿರುವುದೇ ಈ ಪುಸ್ತಕದ ದೊಡ್ಡ ಲೋಪ. ‘ಮನುಷ್ಯನ ತಾಯಿ’ ಎಂಬ ಅರ್ಥದ ಈ ಕವಿತೆಯಲ್ಲಿ ಮಗುವೊಂದು ತಾಯಿಗೆ ಹೇಳುತ್ತದೆ: ನನ್ನನ್ನು ಹೆರುವ ಬದಲು ಕಪ್ಪು ಚಳಿಗಾಲವನ್ನು ಹೆತ್ತಿದ್ದರೆ, ಗುಹೆಯಲ್ಲಿ ಕರಡಿಯನ್ನು ಹೆತ್ತಿದ್ದರೆ, ಹಾವನ್ನು ಹೆತ್ತಿದ್ದರೆ ಚೆನ್ನಾಗಿತ್ತು, ನನ್ನ ಮುಖಕ್ಕೆ ಮುತ್ತಿಡುವ ಬದಲು ಕಲ್ಲಿಗೆ ಮುತ್ತಿಟ್ಟಿದ್ದರೆ ಮೇಲಾಗಿತ್ತು. ಹಕ್ಕಿಯನ್ನು ಹೆತ್ತಿದ್ದರೂ ನೀನು ತಾಯಿಯಾಗಿರುತ್ತಿದ್ದೆ, ಮನುಷ್ಯನನ್ನು ಹೆತ್ತು ಕೈ ಬರಿದಾಯಿತು. ಚೂರಿ ಮನುಷ್ಯನ ಸೋದರನಾಗುವ ಕಾಲದಲ್ಲಿ ಮನುಷ್ಯನಾಗಿರುವುದು ಕಹಿ ಎಂಬ ಅರ್ಥದ ಮಾತಿಗೆ ಬಂದು ಕವಿತೆ ನಿಲ್ಲುತ್ತದೆ. ಇದು ಪ್ರೇಮಕವಿತೆಯಲ್ಲವಲ್ಲ, ಹಾಗಾಗಿ ಬಿಟ್ಟಿದ್ದಾರೆ ಎಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ. ಇಲ್ಲಿನ ಕರಡಿ, ಹಾವು, ಹಕ್ಕಿಗಳು ‘ಮುಗ್ಧ ಕೈಗಳ’ ಕವಿತೆಯಲ್ಲಿ ಮತ್ತೆ ಬರುತ್ತವೆ. ಒಂದು ಕವಿತೆಯಲ್ಲಿ ಮನುಷ್ಯನಿಗಿಂತ ಮೃಗವೇ ವಾಸಿ ಎಂದು ಶಪಿಸಿದವರು, ಇನ್ನೊಂದರಲ್ಲಿ ಅದೇ ಮೃಗಗಳನ್ನು ಪಳಗಿಸಿ ಪ್ರೀತಿಸಿದವನ ಸುತ್ತ ಕಾವಲಿಡುತ್ತಾರೆ. ಮೊದಲನೆಯದನ್ನು ಓದದವರಿಗೆ ಎರಡನೆಯದರ ಕಾಡು ಕೇವಲ ಜಾನಪದ ಕಥೆಯ ಕಾಡಾಗಿ ಕಾಣುತ್ತದೆ. ಓದಿದವರಿಗೆ ಆ ಕಾಡಿನಲ್ಲಿ ಯಾರು ಅಡಗಿದ್ದರು, ಯಾರು ಸತ್ತರು ಎಂಬುದು ಗೊತ್ತಿರುತ್ತದೆ.

1955ರ ನಂತರದ ಪರುನ್ ಬಗ್ಗೆ ಈ ಪುಸ್ತಕಕ್ಕೆ ಆಸಕ್ತಿ ಕಡಿಮೆ. ಕೆಲವೇ ವರ್ಷಗಳಲ್ಲಿ ಅವರು ಬರೆದದ್ದರ ಪ್ರಮಾಣ ಬೆರಗು ಹುಟ್ಟಿಸುವಂಥದ್ದು: ‘ನೀರುನಾಯಿಗಳಿಗೆ ನಿಷ್ಠಳು’ ಮತ್ತು ‘ದಾಸ್ಯ’ 1957ರಲ್ಲಿ, ‘ನನ್ನನ್ನು ವಿಶ್ರಮಿಸಲು ಬಿಡು’ 1958ರಲ್ಲಿ, ‘ನೀನು ಮತ್ತು ಎಂದೂ ಇಲ್ಲ’ ಹಾಗೂ ‘ಕಡಲಿಗೆ ಮರಳಿಸಿದ ಹವಳ’ 1959ರಲ್ಲಿ. ಕೊನೆಯ ಶೀರ್ಷಿಕೆ ಕಂಡಾಗ ಜ್ಲಾರಿನ್ನಿನ ಹವಳಗಾರರು ನೆನಪಾಗದಿರರು. ಊರವರು ಪ್ರಾಣ ಪಣಕ್ಕಿಟ್ಟು ಮೇಲಕ್ಕೆ ತರುತ್ತಿದ್ದುದನ್ನು ಇವರು ಮರಳಿ ನೀರಿಗೆ ಬಿಡುವ ಮಾತಾಡುತ್ತಾರೆ. ಪ್ರೇಮದ ಬಗ್ಗೆ ಅವರ ನಿಲುವನ್ನು ಈ ಹೆಸರು ಹೇಳುವಷ್ಟು ಚೆನ್ನಾಗಿ ಯಾವ ಮುನ್ನುಡಿಯೂ ಹೇಳಿಲ್ಲ ಎನ್ನಿಸುತ್ತದೆ. ಆದರೆ ಸಂಕಲನಗಳ ಹೆಸರನ್ನೇ ಕೊಡದ ಪುಸ್ತಕದಲ್ಲಿ ಓದುಗರು ಅದನ್ನು ಕಾಣುವುದಾದರೂ ಹೇಗೆ?

1962ರಿಂದ 1967ರವರೆಗೆ ಅವರು ಬಲ್ಗೇರಿಯಾದಲ್ಲಿದ್ದರು. ಅಲ್ಲಿ ಮದುವೆಯಾದರು, ಆ ಭಾಷೆಯಿಂದ ಅನುವಾದಗಳನ್ನೂ ಮಾಡಿದರು; ‘ಥ್ರೇಸಿನ ಗಾಳಿ’ ಎಂಬ 1964ರ ಸಂಕಲನದ ಹೆಸರಿನಲ್ಲೇ ಆ ನೆಲ ಇದೆ (ಥ್ರೇಸ್ ಪ್ರದೇಶದ ಒಂದು ಭಾಗ ಬಲ್ಗೇರಿಯಾದಲ್ಲಿದೆ). ಹಿಂದಿರುಗಿದ ಮೇಲೆ ಮುಕ್ತ ಛಂದಸ್ಸಿನಿಂದ ಬಿಗಿಯಾದ ರೂಪಗಳತ್ತ ಹೊರಳಿ, 1972ರಲ್ಲಿ ‘ನೂರು ಸಾನೆಟ್‌ಗಳು’ ಪ್ರಕಟಿಸಿದರು. ಅದರ ಜೊತೆಜೊತೆಗೆ ವಿಡಂಬನೆ, ಚುಟುಕ, ನೀತಿಕಥೆಗಳ ಬಿರುಸು ಹೆಚ್ಚಿತು. ಅಧಿಕಾರಿಗಳು, ಪ್ರಕಾಶಕರು, ಸಹಲೇಖಕರು, ಯಾರನ್ನೂ ಅವರು ಬಿಡಲಿಲ್ಲ. 1987ರ ಗದ್ಯಕೃತಿಗೆ ಅವರಿಟ್ಟ ಹೆಸರು ‘ಗಂಡಸಿನ ಕೊಡೆಯ ಕೆಳಗೆ’. ಪ್ರೀತಿಯನ್ನು ಬರೆದ ಕೈಯೇ ಇದನ್ನೂ ಬರೆಯಿತು ಎಂಬುದನ್ನು ಉಡುಗೊರೆ ಪುಸ್ತಕ ಮುಚ್ಚಿಡುತ್ತದೆ. ಬಹುಶಃ ಮದುವೆಯ ವಾರ್ಷಿಕೋತ್ಸವಕ್ಕೆ ಕೊಡುವ ಪುಸ್ತಕದಲ್ಲಿ ಅಂಥ ಹೆಸರು ಚೆನ್ನಾಗಿರದು ಎಂಬ ಕಾರಣಕ್ಕೆ.

ಸಾಹಿತ್ಯವೊಂದನ್ನೇ ನಂಬಿ ಬದುಕಿದ ಮೊದಲ ಕ್ರೊಯೇಷಿಯನ್ ಲೇಖಕಿ ಎಂದು ಅವರನ್ನು ಕರೆಯುವುದುಂಟು. ಅರವತ್ತಕ್ಕೂ ಹೆಚ್ಚು ಪುಸ್ತಕಗಳು, ನಾಟಕಗಳು, ಸ್ಲೊವೇನಿಯನ್, ಜರ್ಮನ್, ಫ್ರೆಂಚ್, ಬಲ್ಗೇರಿಯನ್ ಭಾಷೆಗಳಿಂದ ಅನುವಾದಗಳು. ಸಂಬಳದ ಕೆಲಸವಿಲ್ಲದೆ ಇಷ್ಟನ್ನು ಮಾಡುವುದೆಂದರೆ ಏನೆಂದು ಬರೆದು ಬದುಕುವ ಯಾವ ನಾಡಿನವರಿಗೂ ಹೇಳಬೇಕಾಗಿಲ್ಲ. 2001ರ ಆತ್ಮಕಥನಾತ್ಮಕ ಕೃತಿಯ ಉಪಶೀರ್ಷಿಕೆ ‘ನಲವತ್ತು ಮೂಟೆಗಳಲ್ಲಿ ನನ್ನ ಬದುಕು’. ಕೊನೆಯ ವರ್ಷಗಳನ್ನು ಅವರು ಜಾಗ್ರೆಬ್‌ನ ಉತ್ತರಕ್ಕಿರುವ, ಬಿಸಿನೀರ ಬುಗ್ಗೆಗಳಿಗೆ ಹೆಸರಾದ ಸ್ಟುಬಿಚ್ಕೆ ತೋಪ್ಲಿತ್ಸೆ ಎಂಬ ಊರಿನ ಚಿಕಿತ್ಸಾಲಯದಲ್ಲಿ ಕಳೆದು, 2010ರ ಅಕ್ಟೋಬರ್ 25ರಂದು ತೀರಿಕೊಂಡರು. ಮಣ್ಣು ಮಾಡಿದ್ದು ಶೋಲ್ತಾ ದ್ವೀಪದ ಗ್ರೋಹೋತೆ ಎಂಬ ಹಳ್ಳಿಯಲ್ಲಿ. ಕಡಲಿನಿಂದ ದೂರ, ಬೆಟ್ಟಗಳ ನಡುವಿನ ಆಸ್ಪತ್ರೆಯ ಕೋಣೆಯಲ್ಲೂ ಬರೆಯುತ್ತಲೇ ಇದ್ದ ಈ ಮುದುಕಿಯ ಚಿತ್ರ ಪುಸ್ತಕದಲ್ಲಿ ಎಲ್ಲೂ ಇಲ್ಲ. ರಕ್ಷಾಪುಟದಲ್ಲಿರುವುದು ಯೌವನದ ಒಂದು ಛಾಯಾಚಿತ್ರ ಮಾತ್ರ.

ಹಾಗಾದರೆ ಈ ಪುಸ್ತಕವನ್ನು ಕೊಳ್ಳಬಹುದೇ? ಪರುನ್ ಅವರನ್ನು ಎಂದೂ ಓದದವರು, ಅವರ ದನಿ ಹೇಗಿದೆಯೆಂದು ತಿಳಿಯಬಯಸುವವರು ಕೊಳ್ಳಬಹುದು. ಮೇಲೆ ಹೇಳಿದ ಎರಡು ಕವಿತೆಗಳಿಗಾಗಿಯೇ ಅದು ಸಾರ್ಥಕ. ಆದರೆ ಮುನ್ನುಡಿಯನ್ನು ಕೊನೆಗೆ ಓದಬೇಕು, ಇಲ್ಲವೇ ಓದಲೇಬಾರದು. ಮೊದಲೇ ಓದಿದರೆ ‘ಮುಗ್ಧ ಕೈಗಳ’ ಕವಿತೆಯ ಷರತ್ತುಗಳು ಕಣ್ಣಿಗೆ ಬೀಳುವ ಮುನ್ನವೇ ಕಣ್ಣು ಒದ್ದೆಯಾಗಿಬಿಡುತ್ತದೆ, ಒದ್ದೆ ಕಣ್ಣಿಗೆ ವ್ಯಾಕರಣ ಕಾಣುವುದಿಲ್ಲ. ಕ್ರೊಯೇಷಿಯನ್ ಅಕ್ಷರಗಳನ್ನು ಕೂಡಿಸಿ ಓದಬಲ್ಲವರು ಎಡಪುಟವನ್ನು ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಆ ಭಾಷೆಯನ್ನು ಬಹುಮಟ್ಟಿಗೆ ಬರೆದಂತೆಯೇ ಉಚ್ಚರಿಸುವುದರಿಂದ ನಮ್ಮವರಿಗೆ ಅದು ಕಷ್ಟವಲ್ಲ, ಮತ್ತು ‘ದಾರಿಯ ಮೇಲಿನ ಮನೆ’ಯಲ್ಲಿ ಮರುಕಳಿಸುವ ಸಾಲುಗಳ ತೂಗು ಅನುವಾದಕ್ಕಿಂತ ಮೂಲದಲ್ಲೇ ಚೆನ್ನಾಗಿ ಸಿಗುತ್ತದೆ.

ಈಗಾಗಲೇ ಒಂದಿಷ್ಟು ಓದಿರುವವರು ಈ ಹಣವನ್ನು ಬೇರೆಡೆ ಖರ್ಚು ಮಾಡಲಿ. ಜಾಗ್ರೆಬ್ ಮತ್ತು ಸ್ಪ್ಲಿಟ್ ನಗರಗಳಲ್ಲಿ ಅಲ್ಲಿನವರು ಆಂಟಿಕ್ವಾರಿಯಾತ್ ಎಂದು ಕರೆಯುವ ಹಳೆಯ ಪುಸ್ತಕಗಳ ಅಂಗಡಿಗಳಿವೆ. ಯುಗೊಸ್ಲಾವಿಯಾ ಕಾಲದ ಆಯ್ದ ಕವಿತೆಗಳ ಸಂಪುಟಗಳನ್ನು ಅಲ್ಲಿ ವಿಚಾರಿಸಬಹುದು. ಕೆಲವದರ ಮೇಲೆ ಬೆಲೆಚೀಟಿ ಇನ್ನೂ ಆ ನಾಡಿನ ಹಳೆಯ ನಾಣ್ಯವಾದ ಕೂನಾದಲ್ಲೇ ಇರುತ್ತದೆ. 2023ರ ಆರಂಭದಿಂದ ಅಲ್ಲಿ ಯೂರೋ ನಡೆಯುವುದರಿಂದ ಅಂಗಡಿಯವರನ್ನೇ ಕೇಳಿ ಲೆಕ್ಕ ಹಾಕಿಕೊಳ್ಳಬೇಕು. ಕಾಗದ ಹಳದಿಯಾಗಿದ್ದರೂ ಚಿಂತೆಯಿಲ್ಲ. ಕೊಳ್ಳುವ ಮುನ್ನ ಪರಿವಿಡಿಯನ್ನು ತೆರೆದು, ಕವಿತೆಗಳನ್ನು ಸಂಕಲನಗಳ ಪ್ರಕಾರ ಇಸವಿಯೊಂದಿಗೆ ವಿಂಗಡಿಸಿದ್ದಾರೆಯೇ ಎಂದು ನೋಡಬೇಕು, ‘ಮನುಷ್ಯನ ತಾಯಿ’ ಇದೆಯೇ ಎಂದು ಹುಡುಕಬೇಕು. ಎರಡೂ ಇದ್ದರೆ ಅದು ಕವಿಯನ್ನು ಗೌರವಿಸಿ ಮಾಡಿದ ಆಯ್ಕೆ. ಭಾರತಕ್ಕೆ ತರಿಸಿಕೊಳ್ಳುವವರಿಗೆ ಅಂಚೆ ವೆಚ್ಚ ಹಲವು ಸಲ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಒಂದೇ ಪೊಟ್ಟಣದಲ್ಲಿ ಬೆಕ್ಕು ಚಂಗೀಸ್ ಖಾನನನ್ನೂ ಸೇರಿಸಿ ತರಿಸುವುದು ಲಾಭ. ಭಾಷೆ ಕಲಿಯುವವರಿಗೆ ಅದರ ಪ್ರಾಸಬದ್ಧ ಪದ್ಯಗಳು ಪ್ರೇಮಕವಿತೆಗಳಿಗಿಂತ ಬೇಗ ಬಾಯಿಗೆ ಬರುತ್ತವೆ.